ಅಪ್ಪನ ರಿಟೈರ್‌ಮೆಂಟ್ ಊಟ ಬೆಂಗಳೂರಲ್ಲಿ ಎಲ್ಲಿ ಇಟ್ಟುಕೊಳ್ಳೋದು? ಹೋಟೆಲಾ, ಮಂಟಪಾನಾ?

ಡಿಪೊ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಬಿಎಂಟಿಸಿ ಡ್ರೈವರ್. ಈ ಜುಲೈ 31ಕ್ಕೆ ನಿವೃತ್ತಿ. ಅವರು ಕೆಲಸಕ್ಕೆ ಸೇರಿದಾಗ ಬಿಎಂಟಿಸಿ ಅನ್ನೋದೇ ಇರಲಿಲ್ಲ. ಕೆಎಸ್‌ಆರ್‌ಟಿಸಿ ಕೆಳಗೆ ಬಿಟಿಎಸ್ ಅಂತ ಬೆಂಗಳೂರಿನ ಸಿಟಿ ಬಸ್ ವಿಭಾಗ ಇತ್ತು, 1997ರಲ್ಲಿ ಬೇರೆಯಾಯಿತು. ಅವತ್ತಿಂದ ಇವತ್ತಿನ ತನಕ ಸ್ಟೀರಿಂಗ್ ಬಿಟ್ಟಿಲ್ಲ.

ಕೊನೆಯ ದಿನ ಡಿಪೊದಲ್ಲಿ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲಾ ಆಗುತ್ತೆ. ಅದು ಅವರ ಆಫೀಸಿನ ಕಡೆಯಿಂದ. ನಮ್ಮ ಮನೆ ಕಡೆಯಿಂದ ಒಂದು ಒಳ್ಳೆ ಊಟ ಹಾಕಿಸಬೇಕು ಅಂತ ನನಗೂ ತಮ್ಮನಿಗೂ ಆಸೆ. ಜನ ಸುಮಾರು 150. ಅರ್ಧದಷ್ಟು ಡಿಪೊದವರು. ಉಳಿದವರು ಮಂಡ್ಯ, ಮಾಗಡಿ ಕಡೆಯ ನೆಂಟರು, ನಮ್ಮ ಬೀದಿಯವರು. ಮನೆ ಕೆಂಗೇರಿ ಹತ್ತಿರ.

ಈಗ ಜಗಳ ಏನಪ್ಪಾ ಅಂದ್ರೆ, ತಮ್ಮ ಸ್ಟಾರ್ ಹೋಟೆಲ್ಲೇ ಆಗಬೇಕು ಅಂತಾನೆ. "ಅಪ್ಪ ಇಷ್ಟು ವರ್ಷ ಆ ಹೋಟೆಲ್ ಗೇಟಿನ ಮುಂದೆ ಬಸ್ ಓಡಿಸಿದಾರೆ, ಒಂದು ದಿನ ಒಳಗೆ ಕೂತು ಊಟ ಮಾಡಲಿ" ಅನ್ನೋದು ಅವನ ವಾದ. ಅಮ್ಮ ಕಲ್ಯಾಣ ಮಂಟಪ ಅಂತಾರೆ. ಅಪ್ಪನ್ನ ಕೇಳಿದ್ರೆ "ಸುಮ್ನೆ ಯಾಕೆ ಖರ್ಚು" ಅಂತಾರೆ, ಅಷ್ಟೇ. ಬಜೆಟ್ ಎರಡೂವರೆ ಲಕ್ಷ. ಆಗಸ್ಟ್ 2 ಭಾನುವಾರ ಮಧ್ಯಾಹ್ನ ಅಂದುಕೊಂಡಿದೀವಿ. ಎಲ್ಲಿ ಮಾಡಿದ್ರೆ ಚೆನ್ನ?

ವೈಟ್‌ಫೀಲ್ಡ್ ವನವಾಸಿ

ನಾನು ನಿಮ್ಮ ತಮ್ಮನ ಪಾರ್ಟಿ. ಹೋಟೆಲ್ ಅಂದ್ರೆ ತಲೆನೋವು ಇಲ್ಲ. ದುಡ್ಡು ಕೊಟ್ಟು ಹೋಗಿ ಕೂತರೆ ಆಯ್ತು. ಮಂಟಪದಲ್ಲಿ ನೀವು ಬೆಳಗ್ಗೆಯಿಂದ ತರಕಾರಿ ಬಂತಾ, ನೀರು ಬಂತಾ, ಎಲೆ ಬಂತಾ ಅಂತ ಓಡಾಡಿ, ಫೋಟೊ ಹೊತ್ತಿಗೆ ನಿಮ್ಮ ಮುಖ ನೋಡೋ ಹಾಗಿರಲ್ಲ.

ಆದ್ರೆ ಲೆಕ್ಕ ಮೊದಲೇ ಹಾಕಿ. ರೂಮ್ ಬಾಡಿಗೆ ದಿನಕ್ಕೆ ₹7,500 ದಾಟೋ ದೊಡ್ಡ ಹೋಟೆಲ್‌ಗಳಲ್ಲಿ ಊಟದ ಮೇಲೆ ಜಿಎಸ್‌ಟಿ 18%. ಮಾಮೂಲಿ ರೆಸ್ಟೊರೆಂಟ್‌ನಲ್ಲಿ 5%. ಪ್ಲೇಟಿಗೆ ₹1,800 ಅಂತ ಹೇಳಿದ್ರೆ 150 ಜನಕ್ಕೆ ₹2,70,000. ಅದರ ಮೇಲೆ ತೆರಿಗೆ ₹48,600. ನಿಮ್ಮ ಬಜೆಟ್ ಅಲ್ಲೇ ಮುಗೀತು, ಇನ್ನೂ ಹೂವು, ಮೈಕು, ಕೇಕು ಬಾಕಿ.

ಸರ್ವಿಸ್ ಚಾರ್ಜ್ ಅಂತ ಬಿಲ್‌ನಲ್ಲಿ ಸೇರಿಸಿದ್ರೆ ತೆಗೀರಿ ಅಂತ ಹೇಳಿ. ಅದು ಕಡ್ಡಾಯ ಅಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿ ಹಿಡಿಯಿತು.

ಗಾಂಧಿಬಜಾರ್ ಕಾಫಿ

ಬೆಂಗಳೂರಲ್ಲಿ ಇಷ್ಟು ಒಳ್ಳೊಳ್ಳೆ ಜಾಗ ಇಟ್ಟುಕೊಂಡು ಹೋಟೆಲ್ ಯಾಕಮ್ಮ? ಚಿಕ್ಕದೊಂದು ಸಭೆ, ನಾಲ್ಕು ಮಾತು, ಒಂದೆರಡು ಹಾಡು, ಆಮೇಲೆ ಊಟ. ಕೆ.ಆರ್. ರಸ್ತೆಯ ಗಾಯನ ಸಮಾಜ 1905ರಿಂದ ಇದೆ. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತು ಇದೆ. ಹೋಟೆಲ್ ಬ್ಯಾಂಕ್ವೆಟ್ ಹಾಲ್ ಅಂದ್ರೆ ಕಿಟಕಿ ಇಲ್ಲದ ಡಬ್ಬ. ಒಳಗೆ ಹೋದ್ರೆ ಬೆಂಗಳೂರೋ, ಬ್ಯಾಂಕಾಕೋ ಗೊತ್ತಾಗಲ್ಲ.

ಎಲೆ ಲೆಕ್ಕ

ಗಾಂಧಿಬಜಾರ್ ಸರ್, ನಿಮ್ಮ ಆಸೆ ಚೆನ್ನಾಗಿದೆ. ಆದ್ರೆ ಕುರ್ಚಿಗಳನ್ನ ಸಾಲಾಗಿ ನೆಲಕ್ಕೆ ಜಡಿದಿರೋ ಸಭಾಂಗಣದಲ್ಲಿ 150 ಜನಕ್ಕೆ ಊಟ ಹಾಕೋಕೆ ಆಗಲ್ಲ. ಭಾಷಣ ಒಂದು ಕಡೆ, ಊಟಕ್ಕೆ ಇನ್ನೊಂದು ಕಡೆ ಅಂತ ಜನರನ್ನ ನಡೆಸಿದ್ರೆ ಅರ್ಧ ಜನ ದಾರೀಲೇ ಮನೆಗೆ ಹೋಗ್ತಾರೆ. ಇದು ಊಟದ ಕಾರ್ಯಕ್ರಮ. ಅಡಿಗೆಮನೆ ಎಲ್ಲಿದೆ ಅಂತ ಮೊದಲು ನೋಡಿ, ವೇದಿಕೆ ಆಮೇಲೆ.

ನಮ್ಮದು ಅಡಿಗೆ ಕಂಟ್ರಾಕ್ಟ್ ಮನೆತನ, ಅದಕ್ಕೆ ಹೇಳ್ತಿದೀನಿ. ಆಗಸ್ಟ್ 2 ಅಂದ್ರಲ್ಲ, ನಿಮಗೆ ಅದೃಷ್ಟ ಇದೆ. ಈ ವರ್ಷ ಅಧಿಕ ಜ್ಯೇಷ್ಠ ಬಂದಿತ್ತು. ಆ ತಿಂಗಳಲ್ಲಿ ಮದುವೆ ಆಗದೆ ನಿಂತಿದ್ದವರೆಲ್ಲಾ ಜೂನ್ ಕೊನೆ, ಜುಲೈ ಮೊದಲ ವಾರಕ್ಕೆ ಮಂಟಪ ಹಿಡಿದಿದಾರೆ. ಆದ್ರೆ ಜುಲೈ 15ರಿಂದ ಆಷಾಢ. ಆಗಸ್ಟ್ 12ರ ಭೀಮನ ಅಮಾವಾಸ್ಯೆ ತನಕ ಮಂಟಪಗಳು ಖಾಲಿ ಹೊಡೀತಿರ್ತವೆ. ಮುಹೂರ್ತದ ದಿನ ಮುಂಚಿನ ಸಂಜೆಯಿಂದ ಮಾರನೇ ದಿನದ ತನಕ ಪೂರ್ತಿ ಬಾಡಿಗೆ ಕೇಳೋರು, ಆಷಾಢದಲ್ಲಿ ಅರ್ಧ ದಿನಕ್ಕೂ ಕೊಡ್ತಾರೆ. ಚೌಕಾಸಿ ಮಾಡಿ. ನಾಚಿಕೊಳ್ಳಬೇಡಿ.

ನೆಂಟರ ಕಡೆಯವಳು

ಆಗಸ್ಟ್ 2 ಸಂಕಷ್ಟಿ ಕಣ್ರೀ! ಕ್ಯಾಲೆಂಡರ್ ನೋಡಿದ್ರಾ?

ಡಿಪೊ ಮಗಳು

ಅಯ್ಯೋ. ನೋಡಿರಲಿಲ್ಲ. ಹಾಗಾದ್ರೆ ಆಗಸ್ಟ್ 9?

ನೆಂಟರ ಕಡೆಯವಳು

9ಕ್ಕೆ ಏಕಾದಶಿ. ಆಮೇಲೆ 16ಕ್ಕೆ ಇಟ್ಟುಕೊಂಡ್ರೆ ಶ್ರಾವಣ ಶುರುವಾಗಿರುತ್ತೆ, ಮಂಡ್ಯ ಕಡೆಯೋರು ಅರ್ಧಕ್ಕರ್ಧ ಮಾಂಸ ಮುಟ್ಟಲ್ಲ. ಶನಿವಾರ ಅಂದ್ರೆ ಆಂಜನೇಯನ ವಾರ. ಬಾಡೂಟ ಹಾಕ್ತೀರೋ, ಸಿಹಿ ಊಟ ಹಾಕ್ತೀರೋ ಮೊದಲು ಹೇಳಿ. ಅದರ ಮೇಲೆ ದಿನ, ದಿನದ ಮೇಲೆ ಜಾಗ.

ವೈಟ್‌ಫೀಲ್ಡ್ ವನವಾಸಿ

ಹೀಗೆ ಪಂಚಾಂಗ ಹಿಡ್ಕೊಂಡು ಕೂತರೆ ಅವರಪ್ಪನಿಗೆ ಸರ್ವಿಸ್ ಎಕ್ಸ್‌ಟೆನ್ಶನ್ ಕೊಡಿಸಬೇಕಾಗುತ್ತೆ.

ನಿವೃತ್ತ ಮೇಷ್ಟ್ರು

ನಗುವ ವಿಷಯ ಅಲ್ಲ, ದಿನ, ಜಾಗ ಹೊಂದದ ಕಷ್ಟ ನಮ್ಮ ಮೇಷ್ಟ್ರುಗಳಿಗೂ ಆಗಿದೆ. ಜೂನ್ 1 ಅಂತ ಶಾಲೆಯಲ್ಲಿ ಹುಟ್ಟಿದ ತಾರೀಖು ಬರೆಸಿದವರು ಎಷ್ಟೋ ಜನ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತಿ ಆಗಬೇಕು ಅಂತ ನಿಯಮ. ಹಾಗಾಗಿ ಮೇ 31ಕ್ಕೆ ಒಂದೇ ಶಾಲೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬೀಳ್ಕೊಡುಗೆ. ಮೇ ತಿಂಗಳಲ್ಲಿ ಮದುವೆ ಜಾಸ್ತಿ, ಹಾಲ್ ಸಿಗದೆ ಶಾಲೆಯ ಅಂಗಳದಲ್ಲೇ ಶಾಮಿಯಾನ ಹಾಕಿಸಿ ಮುಗಿಸಿದವರನ್ನು ನೋಡಿದ್ದೇನೆ. ಜುಲೈ ಕೊನೆ ಅಂದ್ರೆ ಆ ಮಟ್ಟಿಗೆ ಸುಲಭ.

ಮಗಳೇ, ಒಂದು ಮಾತು. ಅಪ್ಪನನ್ನು "ಎಲ್ಲಿ ಮಾಡೋಣ" ಅಂತ ಕೇಳಬೇಡ. "ಸುಮ್ನೆ ಯಾಕೆ ಖರ್ಚು" ಅಂತಲೇ ಹೇಳ್ತಾರೆ. ನಾನೂ ಹಾಗೇ ಹೇಳಿದ್ದೆ. "ಯಾರ್‍ಯಾರು ಬರಲೇಬೇಕು" ಅಂತ ಕೇಳು. ಒಂದು ಹಾಳೆ ಕೊಟ್ಟು ಹೆಸರು ಬರೆಸು. ಆ ಪಟ್ಟಿ ನೋಡಿದ್ರೆ ಜಾಗ ತಾನಾಗಿ ಗೊತ್ತಾಗುತ್ತೆ.

ರೈಟ್ ಹೋಲ್ಡಾನ್

ನಾನು ಕಂಡಕ್ಟರ್, ಬೇರೆ ಡಿಪೊ. ಅಕ್ಕ, ಇಲ್ಲಿ ಯಾರೂ ಹೇಳದ ವಿಷಯ ಒಂದಿದೆ. ಭಾನುವಾರ ಅಂದ್ರೆ ನಿಮಗೆ ರಜೆ, ನಮಗಲ್ಲ. ವಾರದ ರಜೆ ಒಬ್ಬೊಬ್ಬರಿಗೆ ಒಂದೊಂದು ದಿನ. ಡಿಪೊದಿಂದ 70 ಜನ ಬರಬೇಕು ಅಂದ್ರೆ ಅವರಲ್ಲಿ ಜಾಸ್ತಿ ಜನ ಅವತ್ತು ಡ್ಯೂಟಿಯಲ್ಲೇ ಇರ್ತಾರೆ. ಫಸ್ಟ್ ಶಿಫ್ಟ್‌ನವರು ಮುಂಜಾನೆ ಗಾಡಿ ತೆಗೆದು ಎರಡರ ಸುಮಾರಿಗೆ ಇಳೀತಾರೆ. ಲೆಕ್ಕ ಒಪ್ಪಿಸಿ, ಕೈ ಮುಖ ತೊಳೆದು ನಿಮ್ಮಲ್ಲಿಗೆ ಬರೋ ಹೊತ್ತಿಗೆ ಮೂರು. ಸೆಕೆಂಡ್ ಶಿಫ್ಟ್‌ನವರು ಹನ್ನೆರಡಕ್ಕೇ ಬಂದು ಉಂಡು ಓಡಬೇಕು. ನೈಟ್ ಹಾಲ್ಟ್ ಮಾಡಿ ಬಂದೋರು ನಿದ್ದೆ ಮಾಡಿ ಯಾವಾಗ ಏಳ್ತಾರೋ ಆಗ.

ಹೋಟೆಲ್‌ನಲ್ಲಿ ಬಫೆ ಹನ್ನೆರಡೂವರೆಯಿಂದ ಮೂರು, ಹೆಚ್ಚಂದ್ರೆ ಮೂರೂವರೆ. ಅಷ್ಟೊತ್ತಿಗೆ ಪಾತ್ರೆ ಎತ್ತೋಕೆ ಶುರು ಮಾಡ್ತಾರೆ. ಬೆವರಿಳಿಸಿಕೊಂಡು ಬಂದವನಿಗೆ ಖಾಲಿ ಪಾತ್ರೆ ತೋರಿಸಿದ್ರೆ ನಿಮ್ಮಪ್ಪನಿಗೆ ಹೇಗಾಗುತ್ತೆ ಯೋಚನೆ ಮಾಡಿ. ಹನ್ನೆರಡರಿಂದ ಸಂಜೆ ಐದರ ತನಕ ಯಾರೂ ಎಬ್ಬಿಸದ ಜಾಗ ಬೇಕು ನಿಮಗೆ. ಸ್ಟಾರ್ ಎಷ್ಟು ಅನ್ನೋದು ಆಮೇಲಿನ ಮಾತು.

ಇನ್ನೊಂದು, ಗ್ರಾಚ್ಯುಟಿ ಬರುತ್ತೆ ಅಂತ ಅಡ್ವಾನ್ಸ್ ಕೊಡಬೇಡಿ. ನಮಗೆ ಸರ್ಕಾರಿ ಪಿಂಚಣಿ ಇಲ್ಲ, ಪಿಎಫ್ ಪಿಂಚಣಿ ಅಷ್ಟೇ. ಬರೋ ದುಡ್ಡು ಬಂದ ಮೇಲೆ ಲೆಕ್ಕ.

ಡಿಪೊ ಮಗಳು

ಶಿಫ್ಟ್ ವಿಷಯ ಮನೆಯಲ್ಲಿ ಹುಟ್ಟಿ ಬೆಳೆದ ನನಗೇ ಹೊಳೆದಿರಲಿಲ್ಲ. ಥ್ಯಾಂಕ್ಸ್ ಅಣ್ಣ. ದುಡ್ಡು ನಮ್ಮಿಬ್ಬರದೇ, ಅಪ್ಪನ ಕೈಯಿಂದ ಒಂದು ರೂಪಾಯಿ ಇಲ್ಲ.

ಮೇಷ್ಟ್ರು ಹೇಳಿದ ಹಾಗೆ ನಿನ್ನೆ ರಾತ್ರಿ ಹಾಳೆ ಕೊಟ್ಟೆ. ಮೊದಲ ಹೆಸರು ಅವರ ಹಳೇ ಕಂಡಕ್ಟರ್ ಒಬ್ಬರದು, ಅವರೂ ನಿವೃತ್ತರು, ಈಗ ಮಂಡಿನೋವಿಂದ ಕೋಲು ಹಿಡಿದು ನಡೀತಾರೆ. ಆಮೇಲೆ ಮೆಕ್ಯಾನಿಕ್‌ಗಳು, ಡಿಪೊ ಸೆಕ್ಯುರಿಟಿ, ಕ್ಯಾಂಟೀನಿನವರು, ಒಂದು ರೂಟಿನ ಕೊನೇ ಸ್ಟಾಪಲ್ಲಿ ಟೀ ಅಂಗಡಿ ಇಟ್ಟಿರೋ ದಂಪತಿ. ನನ್ನ ದೊಡ್ಡಪ್ಪನ ಹೆಸರು ಎರಡನೇ ಪುಟದಲ್ಲಿ! ಬರೆದು ಮುಗಿಸಿ "ಯಾರೂ ನನಗೋಸ್ಕರ ರಜೆ ಹಾಕೋ ಹಾಗೆ ಆಗಬಾರದು ನೋಡು" ಅಂದರು.

ಊಟ ಬಾಡೂಟವೇ. ಅಪ್ಪ ಅದೊಂದು ವಿಷಯದಲ್ಲಿ ಖರ್ಚು ಅನ್ನಲಿಲ್ಲ.

ಬಿಡದಿ ಬ್ರೇಕ್

ಕೆಂಗೇರಿ ಅಂದ್ರೆ ಬಿಡದಿ ಪಕ್ಕದಲ್ಲೇ ಇದೆ. ಅಲ್ಲಿ ರೆಸಾರ್ಟ್‌ಗಳಲ್ಲಿ ಡೇ ಔಟ್ ಪ್ಯಾಕೇಜ್ ಸಿಗುತ್ತೆ. ಬೆಳಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಊಟ, ಸಂಜೆ ಕಾಫಿ. ಮಕ್ಕಳಿಗೆ ಈಜುಕೊಳ. ಜಾಗ ಹಸಿರು. ಸಂಜೆ ತನಕ ಯಾರೂ ಎಬ್ಬಿಸಲ್ಲ.

ರೈಟ್ ಹೋಲ್ಡಾನ್

ಬಿಡದಿಗೆ ಹೋಗಿ ಉಂಡು ಎರಡು ಗಂಟೆಗೆ ಡ್ಯೂಟಿಗೆ ವಾಪಸ್ ಬರೋದು ಹೇಗಣ್ಣ? ಭಾನುವಾರ ಮೈಸೂರು ರಸ್ತೆ ನೋಡಿದೀರಾ? ನಮ್ಮೋರಲ್ಲಿ ಜಾಸ್ತಿ ಜನ ಬೈಕ್. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲ, ಸರ್ವಿಸ್ ರೋಡಲ್ಲಿ ತೆವಳಬೇಕು.

ಎಂ.ಜಿ. ರೋಡ್ ಮಾವ

ನನ್ನ ತಮ್ಮ ಒಂದು ಕ್ಲಬ್ ಮೆಂಬರ್. ಬೆಂಗಳೂರಿನ ಹಳೇ ಕ್ಲಬ್‌ಗಳಲ್ಲಿ ಊಟ ಚೆನ್ನಾಗಿರುತ್ತೆ, ಹೋಟೆಲಿಗಿಂತ ಅಗ್ಗ, ಊರಿನ ನಡುವೆ. ಸರ್ ಎಂ.ವಿ. ಶುರುಮಾಡಿಸಿದ ಸೆಂಚುರಿ ಕ್ಲಬ್ 1917ರದ್ದು, ಕಬ್ಬನ್ ಪಾರ್ಕ್ ಒಳಗೇ. ಮೆಂಬರ್ ಪರಿಚಯ ಇದ್ರೆ ಹಾಲ್ ವಿಚಾರಿಸಬಹುದು.

ನೆಂಟರ ಕಡೆಯವಳು

ಕ್ಲಬ್ ಅಂದ ತಕ್ಷಣ ಡ್ರೆಸ್ ಕೋಡ್ ಕೇಳಿಕೊಳ್ಳಿ ಮಾವ. ಮಂಡ್ಯದಿಂದ ಬರೋ ಹಿರಿಯರು ಪಂಚೆ, ಟವೆಲ್ಲು, ಹವಾಯಿ ಚಪ್ಪಲಿ. 2024ರಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನ ಒಳಗೆ ಬಿಡದೆ ಎಷ್ಟು ಗಲಾಟೆ ಆಯ್ತು, ಸರ್ಕಾರವೇ ಏಳು ದಿನ ಮಾಲ್ ಮುಚ್ಚಿಸ್ತು. ಅವತ್ತಿನಿಂದ ನಾನು ಯಾವ ಫಂಕ್ಷನ್‌ಗೆ ಜಾಗ ನೋಡಿದ್ರೂ ಗೇಟಲ್ಲೇ ಕೇಳ್ತೀನಿ, ಪಂಚೆ ಉಟ್ಟೋರನ್ನ ಬಿಡ್ತೀರಾ ಅಂತ. ಬಾಯಲ್ಲಿ "ಬಿಡ್ತೀವಿ ಮೇಡಂ" ಅಂದವರೂ ಒಂದು ಸಲ ಮೇಲಿಂದ ಕೆಳಗೆ ನೋಡ್ತಾರೆ. ಆ ನೋಟ ಇದೆಯಲ್ಲ, ನನಗೆ ಅದು ಸಾಕು, ಮುಂದಿನ ಜಾಗಕ್ಕೆ ಹೋಗ್ತೀನಿ.

ಎಂ.ಜಿ. ರೋಡ್ ಮಾವ

ಅದು ನಿಜ. ಕಾಲರ್ ಇಲ್ಲದ ಟೀಶರ್ಟಿಗೇ ತಕರಾರು ಮಾಡೋ ಕ್ಲಬ್‌ಗಳಿವೆ. ವಾಪಸ್ ತಗೊಂಡೆ.

ವೈಟ್‌ಫೀಲ್ಡ್ ವನವಾಸಿ

ಎಲ್ಲರೂ ಹೋಟೆಲ್ ಮೇಲೆ ಬಿದ್ದಿದೀರಲ್ಲ, ಮಂಟಪದ ಬಾಡಿಗೆ ಕೇಳಿ ಮೋಸ ಹೋಗಬೇಡಿ ಅಂತ ಹೇಳೋರು ಯಾರೂ ಇಲ್ವಾ? ಹೋದ ವರ್ಷ ನಮ್ಮ ಮನೆ ನಾಮಕರಣಕ್ಕೆ ಒಂದು ಹಾಲ್ ಹಿಡಿದಿದ್ವಿ. ಬಾಡಿಗೆ ಕಮ್ಮಿ ಅಂತ ಖುಷಿ. ಬಿಲ್ ಬಂದಾಗ ನೋಡಿ: ಕರೆಂಟ್ ಯೂನಿಟ್ ಲೆಕ್ಕ ಬೇರೆ, ಜನರೇಟರ್ ಡೀಸೆಲ್ ಬೇರೆ, ಕ್ಲೀನಿಂಗ್ ಬೇರೆ, ಕಸ ಎತ್ತೋಕೆ ಬೇರೆ, ಪಾತ್ರೆ ಬಾಡಿಗೆ ಬೇರೆ, ಕೊನೆಗೆ ವಾಚ್‌ಮನ್‌ಗೆ "ಖುಷಿಯಿಂದ ಕೊಡಿ" ಅನ್ನೋದು ಬೇರೆ. ಎಲ್ಲದರ ಮೇಲೆ ಹಾಲ್ ಬಾಡಿಗೆಗೆ 18% ಜಿಎಸ್‌ಟಿ. ಡೆಕೊರೇಶನ್‌ಗೆ ಹೊರಗಿನವರನ್ನ ಬಿಡಲ್ಲ, "ನಮ್ಮ ಹುಡುಗರೇ ಮಾಡ್ತಾರೆ" ಅಂತ ಎರಡರಷ್ಟು ರೇಟು. ಡಿಪಾಜಿಟ್ ಅಂತೂ ಗೋಡೆಗೆ ಟೇಪ್ ಅಂಟಿಸಿದೀರಿ ಅಂತ ಹಿಡಿದುಕೊಂಡ್ರು.

ಎಲೆ ಲೆಕ್ಕ

ವನವಾಸಿ ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಬುಕ್ ಮಾಡುವಾಗ "ಎಲ್ಲಾ ಸೇರಿ ಎಷ್ಟು" ಅಂತ ಒಂದೇ ಅಂಕಿ ಬರೆಸಿಕೊಳ್ಳಬೇಕು, ರಸೀದಿಯ ಹಿಂದೆಯೇ ಆದ್ರೂ ಸರಿ. ಡಿಪಾಜಿಟ್ ವಾಪಸ್ ಯಾವಾಗ ಅನ್ನೋದನ್ನೂ ಸೇರಿಸಿ.

ಈಗ ಬಾಡೂಟ ಅಂದ ಮೇಲೆ ಆಯ್ಕೆ ಅರ್ಧಕ್ಕರ್ಧ ಕಮ್ಮಿ ಆಯ್ತು. ದೇವಸ್ಥಾನಕ್ಕೆ ಸೇರಿದ ಮಂಟಪ, ಟ್ರಸ್ಟ್ ಮಂಟಪಗಳಲ್ಲಿ ಜಾಸ್ತಿ ಕಡೆ ಮಾಂಸದ ಅಡಿಗೆ ಬಿಡಲ್ಲ. ಬೀಗರೂಟ, ಅಂದ್ರೆ ಮದುವೆ ಆದ ಮೇಲೆ ಬೀಗರಿಗೆ ಹಾಕೋ ಬಾಡೂಟ, ಮಾಡಿಕೊಡೋ ಹಾಲ್‌ಗಳು ಬೇರೆಯೇ ಇವೆ. ನಾಗರಬಾವಿ, ಕೆಂಗೇರಿ, ಮಾಗಡಿ ರಸ್ತೆ ಕಡೆ ಬೇಕಾದಷ್ಟು ಸಿಗುತ್ತೆ. ಫೋನ್ ಮಾಡಿದಾಗ ಮೊದಲ ಪ್ರಶ್ನೆಯೇ "ಬೀಗರೂಟ ಮಾಡಬಹುದಾ" ಅಂತ ಇರಲಿ. ಅವರಿಗೆ ತಕ್ಷಣ ಅರ್ಥ ಆಗುತ್ತೆ.

ಹೋಗಿ ನೋಡುವಾಗ ಊಟದ ಹಾಲ್ ಎಲ್ಲಿದೆ ನೋಡಿ. ಬೆಂಗಳೂರಿನ ಮಂಟಪಗಳಲ್ಲಿ ವೇದಿಕೆ ಮೇಲೆ, ಊಟ ಕೆಳಗೆ ಸೆಲ್ಲಾರ್‌ನಲ್ಲಿ. ಕೋಲು ಹಿಡಿದು ಬರೋ ಆ ಕಂಡಕ್ಟರ್ ಮೆಟ್ಟಿಲು ಇಳಿದು ಉಂಡು ಮತ್ತೆ ಹತ್ತಬೇಕು. "ಲಿಫ್ಟ್ ಇದೆ" ಅಂತಾರೆ. ಹತ್ತಿ ನೋಡಿ. ಕೆಲವು ಕಡೆ ಅದು ಪಾತ್ರೆ ಸಾಗಿಸೋ ಲಿಫ್ಟು. ಕೈ ತೊಳೆಯೋ ಜಾಗ, ಶೌಚಾಲಯ ಕೂಡ ಯಾವ ಮಹಡಿಯಲ್ಲಿದೆ ನೋಡಿ. ನೀರು ಬೋರ್‌ವೆಲ್ಲೋ ಟ್ಯಾಂಕರೋ ಕೇಳಿ.

ಗಾಂಧಿಬಜಾರ್ ಕಾಫಿ

ಬಾಡೂಟ ಅಂದ ಮೇಲೆ ನನ್ನ ಪಟ್ಟಿ ಪೂರ್ತಿ ಹೋಯ್ತು. ಇರಲಿ. ಸಂಕಷ್ಟಿ ಉಪವಾಸದವರಿಗೆ ಏನು ಮಾಡ್ತೀರಿ?

ನೆಂಟರ ಕಡೆಯವಳು

ಚಂದ್ರ ನೋಡೋ ತನಕ ಕಟ್ಟುನಿಟ್ಟು ಮಾಡೋರು ಹಣ್ಣು, ಹಾಲಲ್ಲೇ ಇರ್ತಾರೆ. ಉಪವಾಸ ಇಲ್ಲದಿದ್ರೂ ಅವತ್ತು ಮಾಂಸ ಬೇಡ ಅನ್ನೋರು ಇರ್ತಾರೆ. ಸಸ್ಯಾಹಾರಕ್ಕೆ ಬೇರೆ ಕೌಂಟರ್, ಬೇರೆ ಪಾತ್ರೆ, ಬಡಿಸೋಕೆ ಬೇರೆ ಹುಡುಗರು. ಬಾಡೂಟದ ಸೌಟು ಆ ಕಡೆ ಹೋಗಬಾರದು. ಅಷ್ಟು ಮಾಡಿದ್ರೆ ಯಾರೂ ಮುಖ ಗಂಟು ಹಾಕಲ್ಲ. ಆಗಸ್ಟ್ 2 ಬಿಡಬೇಡಿ. ಇದು ಅನುಭವದ ಮಾತು, ನಮ್ಮ ಮನೇಲಿ ಇಂಥ ಎಲ್ಲಾ ಥರದವರೂ ಇದಾರೆ.

ರೈಟ್ ಹೋಲ್ಡಾನ್

ನಮ್ಮ ಡಿಪೊದಲ್ಲಿ ಸಂಕಷ್ಟಿ ಅಂತ ಮಟನ್ ಬಿಟ್ಟೋರನ್ನ ನಾನು ನೋಡಿಲ್ಲ, ಆದ್ರೂ ಕೌಂಟರ್ ಇರಲಿ.

ಬಿಡದಿ ಬ್ರೇಕ್

ಗುಂಡಿನ ವ್ಯವಸ್ಥೆ? ಬಾಡೂಟ ಅಂದ್ರೆ ಕೇಳೇ ಕೇಳ್ತಾರೆ.

ರೈಟ್ ಹೋಲ್ಡಾನ್

ಬೇಡಣ್ಣ. ಎರಡು ಗಂಟೆಗೆ ಸ್ಟೀರಿಂಗ್ ಹಿಡಿಯೋರು ಅಲ್ಲಿ ಕೂತಿರ್ತಾರೆ. ಒಬ್ಬ ಬಾಯಿಗೆ ಹಾಕಿಕೊಂಡ್ರೂ ಕಥೆ ಮುಗೀತು.

ನಿವೃತ್ತ ಮೇಷ್ಟ್ರು

ಅದಲ್ಲದೆ ಹಾಲ್‌ನಲ್ಲಿ ಮದ್ಯ ಕೊಡಬೇಕು ಅಂದ್ರೆ ಅಬಕಾರಿ ಇಲಾಖೆಯಿಂದ ಒಂದು ದಿನದ ಲೈಸೆನ್ಸ್ ಬೇಕು. ಆ ಅಲೆದಾಟ ಈ ಮಕ್ಕಳಿಗೆ ಯಾಕೆ.

ಡಿಪೊ ಮಗಳು

ಗುಂಡು ಇಲ್ಲ. ಅಮ್ಮನ ಆರ್ಡರ್.

ಶನಿವಾರ ಅಮ್ಮ, ನಾನು, ತಮ್ಮ ಮೂವರೂ ಹೋಗಿ ಜಾಗ ನೋಡಿ ಬಂದ್ವಿ. ತಮ್ಮ ಇನ್ನೂ ಹೋಟೆಲ್ ಬಿಟ್ಟಿರಲಿಲ್ಲ, ಹಾಗಾಗಿ ಮೊದಲು ಅಲ್ಲಿಗೇ ಹೋದ್ವಿ. ಬ್ಯಾಂಕ್ವೆಟ್ ಮ್ಯಾನೇಜರ್ ತುಂಬಾ ಮರ್ಯಾದೆಯಿಂದ ಮಾತಾಡಿದ್ರು. ಮಿನಿಮಮ್ ಗ್ಯಾರಂಟಿ 150 ಅಂತೆ. 110 ಜನ ಬಂದ್ರೂ 150ಕ್ಕೆ ದುಡ್ಡು. ಹೊರಗಿನ ತಿಂಡಿ ಒಳಗೆ ತರೋ ಹಾಗಿಲ್ಲ. ಅಜ್ಜಿ ಮಾಡೋ ಕಜ್ಜಾಯಕ್ಕೂ ಇಲ್ಲ ಅಂದ್ರು. ಮೂರೂವರೆಗೆ ಬಫೆ ಮುಚ್ತೀರಾ ಅಂತ ಕೇಳಿದೆ. "ಸಂಜೆ ಇನ್ನೊಂದು ಫಂಕ್ಷನ್ ಇರುತ್ತೆ ಮೇಡಂ" ಅಂದ್ರು. ತಮ್ಮ ಸುಮ್ಮನಾದ. ಹೊರಗೆ ಬಂದ ಮೇಲೆ ಅವನೇ "ಬಸ್ ಸ್ಟಾಪ್ ಎಷ್ಟು ದೂರ ಇದೆ ನೋಡಿದ್ಯಾ, ಅಪ್ಪ ನೋಡಿದ್ರೆ ನಗ್ತಾರೆ" ಅಂದ.

ಆಮೇಲೆ ಮೈಸೂರು ರಸ್ತೆ ಪಕ್ಕ ಎರಡು ಹಾಲ್ ನೋಡಿದ್ವಿ. ಒಂದು ಹೊಸದು, ಎಸಿ, ಮುಂದೆ ಎಲ್‌ಇಡಿ ಪರದೆ. ಊಟ ಸೆಲ್ಲಾರ್‌ನಲ್ಲಿ, ಲಿಫ್ಟ್ ರಿಪೇರಿ. ಇನ್ನೊಂದು ಹಳೇ ಸಮುದಾಯ ಭವನ. ಎಸಿ ಇಲ್ಲ, ಗೋಡೆಗೆ ಹಸಿರು ಬಣ್ಣ, ಫ್ಯಾನ್‌ಗಳು ಶಬ್ದ ಮಾಡ್ತವೆ. ಆದ್ರೆ ಎಲ್ಲಾ ನೆಲಮಟ್ಟದಲ್ಲೇ. ಮೆಟ್ರೊ ಸ್ಟೇಷನ್‌ನಿಂದ ನಡೆದೇ ಬರಬಹುದು, ಎದುರಿಗೇ ಬಸ್ ಸ್ಟಾಪ್. ಬೆಳಗ್ಗೆ ಆರರಿಂದ ಸಂಜೆ ಆರರ ತನಕ ನಮ್ಮದೇ. ಕರೆಂಟ್, ಕ್ಲೀನಿಂಗ್ ಸೇರಿ ₹40,000, ಮೇಲೆ ಜಿಎಸ್‌ಟಿ ₹7,200. ತಮ್ಮ ಆ ಗೋಡೆ ಬಣ್ಣ ನೋಡಿ ಮುಖ ಸಿಂಡರಿಸಿಕೊಂಡಿದಾನೆ. ಏನ್ ಮಾಡಲಿ?

ವೈಟ್‌ಫೀಲ್ಡ್ ವನವಾಸಿ

ಹೋಟೆಲ್ ಪಕ್ಷದ ಅಧ್ಯಕ್ಷನಾಗಿ ಹೇಳ್ತಿದೀನಿ, ಹಸಿರು ಗೋಡೆ ಹಿಡೀರಿ. ಅಷ್ಟು ಮಾತ್ರ ಅಲ್ಲ, ಎಲ್ಲಾ ನೆಲಮಟ್ಟದಲ್ಲಿ ಇರೋ ಹಾಲ್ ಬೆಂಗಳೂರಲ್ಲಿ ಸಿಗೋದೇ ಕಷ್ಟ. ಗೋಡೆಗೆ ಬಿಳಿ ಬಟ್ಟೆ ಇಳಿಬಿಟ್ಟು ಚೆಂಡುಹೂವಿನ ಸರ ಕಟ್ಟಿಸಿ. ಮಾರ್ಕೆಟ್‌ನಿಂದ ನೀವೇ ಹೂವು ತಂದ್ರೆ ಖರ್ಚೂ ಕಮ್ಮಿ. ಆಷಾಢದಲ್ಲಿ ಹೂವಿನ ರೇಟು ಬಿದ್ದಿರುತ್ತೆ, ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಕೈಗೆ ಸಿಗಲ್ಲ.

ನಿಮ್ಮ ತಮ್ಮನ ಆಸೆಗೂ ದಾರಿ ಇದೆ. 150 ಜನರನ್ನ ಸ್ಟಾರ್ ಹೋಟೆಲಿಗೆ ಕರ್ಕೊಂಡು ಹೋಗೋ ಬದಲು ಅಪ್ಪ, ಅಮ್ಮ, ನೀವಿಬ್ಬರು, ನಾಲ್ಕೇ ಜನ ಒಂದು ರಾತ್ರಿ ಊಟಕ್ಕೆ ಹೋಗಿ. ಅದು ಪೂರ್ತಿ ತಮ್ಮನ ಲೆಕ್ಕ.

ಡಿಪೊ ಮಗಳು

ಇದನ್ನ ಅವನಿಗೆ ಓದಿ ಹೇಳಿದೆ. "ಜುಲೈ 31ರ ರಾತ್ರಿ, ಡಿಪೊದಿಂದ ನೇರ ಅಲ್ಲಿಗೆ, ಖಾಕಿಯಲ್ಲೇ" ಅಂದ. ಅಪ್ಪ ಒಪ್ಪಬೇಕಲ್ಲ!

ನೆಂಟರ ಕಡೆಯವಳು

31 ಆಷಾಢ ಶುಕ್ರವಾರ, ಅಮ್ಮನಿಗೆ ದೇವಸ್ಥಾನ ಇದ್ರೆ ಮೊದಲೇ ಕೇಳಿಕೊಳ್ಳಿ.

ನಿವೃತ್ತ ಮೇಷ್ಟ್ರು

ಭಾಷಣದ ವಿಷಯ. ದಯವಿಟ್ಟು ಎರಡೇ ಇರಲಿ. ನನ್ನ ಬೀಳ್ಕೊಡುಗೆಯಲ್ಲಿ ಹನ್ನೊಂದು ಜನ ಮಾತಾಡಿದರು. ಅಪ್ಪನ ಕಂಡಕ್ಟರ್ ಮಾತಾಡಲಿ, ಅಪ್ಪ ಮಾತಾಡಲಿ. ಅದೂ ಒಂದೂವರೆ ಗಂಟೆಗೆ ಬೇಡ, ಶಿಫ್ಟ್ ಬದಲಾದ ಮೇಲೆ ಮೂರೂವರೆಗೆ ಇಟ್ಟುಕೊಳ್ಳಿ. ಹನ್ನೆರಡಕ್ಕೆ ಬಂದು ಹೋಗೋರಿಗೆ ಅಪ್ಪ ಬಾಗಿಲಲ್ಲೇ ನಿಂತು ಮಾತಾಡಿಸಿದ್ರೆ ಸಾಕು. ಅಪಘಾತ ಮಾಡದೆ ಓಡಿಸಿದ್ದಕ್ಕೆ ಪದಕ ಬಂದಿದ್ರೆ ಅದನ್ನ ಮೇಜಿನ ಮೇಲಿಡಿ. ಮಕ್ಕಳು ನೋಡಲಿ.

ಡಿಪೊ ಮಗಳು

ಬೆಳ್ಳಿ ಪದಕ ಬಂದಿದೆ ಸರ್. ಬೀರುವಿನಲ್ಲಿ ಅಮ್ಮನ ಸೀರೆಗಳ ಕೆಳಗೆ ಇದೆ.

ಮಂಡ್ಯದವರು ರೈಲಲ್ಲಿ ಬಂದು ಕೆಂಗೇರಿಯಲ್ಲಿ ಇಳೀತಾರೆ. ಅಲ್ಲಿಂದ ಮೆಟ್ರೊ ಅಂದ್ರೆ ವಯಸ್ಸಾದವರು ಹೆದರ್ತಾರೆ. ಮಾಗಡಿಯವರಿಗೆ ಹೇಗಾದ್ರೂ ಒಂದು ಗಾಡಿ ಮಾಡಬೇಕು. ಟೆಂಪೊ ಟ್ರಾವೆಲರ್ ಸಾಕಾ?

ರೈಟ್ ಹೋಲ್ಡಾನ್

ಅಕ್ಕ, ಬಿಎಂಟಿಸಿಯವರೇ ಫಂಕ್ಷನ್‌ಗಳಿಗೆ ಬಸ್ ಬಾಡಿಗೆಗೆ ಕೊಡ್ತಾರೆ. ಡಿಪೊದಲ್ಲೇ ವಿಚಾರಿಸಿ, ಮುಂಚೆಯೇ ದುಡ್ಡು ಕಟ್ಟಬೇಕು. ಕೆಂಗೇರಿ ಸ್ಟೇಷನ್‌ನಿಂದ ಹಾಲ್‌ಗೆ ನೆಂಟರನ್ನ ಒಂದೇ ಗಾಡೀಲಿ ತುಂಬಿಕೊಂಡು ಬನ್ನಿ. ಆದ್ರೆ ನಿಮ್ಮಪ್ಪನ್ನ ಆ ಬಸ್ ಹತ್ತಿರ ಬಿಡಬೇಡಿ, ಡ್ರೈವರ್‌ಗೆ ಗೇರ್ ಹಾಕೋದು ಹೇಗೆ ಅಂತ ಪಾಠ ಶುರು ಮಾಡ್ತಾರೆ. ಸೀನಿಯರ್‌ಗಳ ಕಥೆ ನನಗೆ ಗೊತ್ತಿಲ್ವಾ.

ನಮ್ಮ ಕಡೆ ಹೆಂಗಸರೆಲ್ಲಾ ಶಕ್ತಿ ಯೋಜನೆ ಟಿಕೆಟ್‌ನಲ್ಲಿ ಫ್ರೀಯಾಗಿ ಬಸ್ಸಲ್ಲೇ ಬರ್ತಾರೆ. ಎದುರಿಗೇ ಸ್ಟಾಪ್ ಇದ್ರೆ ಅವರಿಗೆ ಅದಕ್ಕಿಂತ ಒಳ್ಳೇದಿಲ್ಲ.

ಡಿಪೊ ಮಗಳು

ಅಡ್ವಾನ್ಸ್ ಕೊಟ್ಟಾಯ್ತು. ಎಲ್ಲಾ ಸೇರಿದ ಅಂಕಿ ರಸೀದಿಯಲ್ಲೇ ಬರೆಸಿಕೊಂಡೆ. ಬರೆಯೋವಾಗ ಮ್ಯಾನೇಜರ್ ಸ್ವಲ್ಪ ಗೊಣಗಿದ್ರು. ಈಗ ಅಡಿಗೆ. ಮುದ್ದೆ, ನಾಟಿ ಕೋಳಿ ಸಾರು, ಮಟನ್ ಚಾಪ್ಸ್, ಬಿರಿಯಾನಿ, ಅನ್ನ, ರಸಂ, ಮೊಸರು. ಸಸ್ಯಾಹಾರಕ್ಕೆ ಹಿತಕಿದ ಬೇಳೆ ಸಾರು ಮಾಡಿಸೋಣ ಅಂತ ಅಮ್ಮ. ಎಲೆ ಲೆಕ್ಕ ಅವರೇ, ಸರಿ ಇದೆಯಾ? ಬಫೆನಾ, ಪಂಕ್ತಿನಾ?

ಎಲೆ ಲೆಕ್ಕ

ಹಿತಕಿದ ಬೇಳೆ ಚಳಿಗಾಲದ ಮಾತು ಅಕ್ಕ, ಆಗಸ್ಟ್‌ನಲ್ಲಿ ಒಳ್ಳೆ ಅವರೆ ಎಲ್ಲಿಂದ ತರೋದು. ಬಸ್ಸಾರು ಮಾಡಿಸಿ, ಮುದ್ದೆಗೆ ಅದೇ ಸರಿ. ಸಸ್ಯಾಹಾರದವರೂ ಮುದ್ದೆ ಉಣ್ಣಲಿ.

ಮುದ್ದೆಯನ್ನ ಬಫೆಯಲ್ಲಿ ಇಡಬೇಡಿ. ಹೋಟೆಲಿನವರು ಹಾಟ್‌ಬಾಕ್ಸ್‌ನಲ್ಲಿ ಚಿಕ್ಕ ಚಿಕ್ಕ ಉಂಡೆ ಮಾಡಿ ಇಡ್ತಾರಲ್ಲ, ಅದು ಗಟ್ಟಿಯಾಗಿ ಚೆಂಡಿನ ಹಾಗಾಗಿರುತ್ತೆ. ಎಲೆ ಹಾಕಿ ಕೂರಿಸಿ ಬಡಿಸಿ. ಒಂದು ಸಲ ಹನ್ನೆರಡಕ್ಕೆ ಹಿಟ್ಟು ಕೂಡಿಸೋದು, ಇನ್ನೊಂದು ಸಲ ಎರಡೂವರೆಗೆ. ಮಧ್ಯದಲ್ಲಿ ಬಂದವರಿಗೆ ಬಿರಿಯಾನಿ ಇರುತ್ತೆ. ಕೋಳಿ ಸಾರನ್ನೂ ಒಂದೇ ಹಂಡೆಯಲ್ಲಿ ಬೇಡ, ಎರಡು ಕಂತಲ್ಲಿ ಮಾಡಿಸಿ. ಮೂರು ಗಂಟೆಗೆ ಬರೋ ಡ್ರೈವರ್‌ಗೆ ತಳದ ಸಾರು ಸಿಗಬಾರದು, ಅಲ್ವಾ. ಅಡಿಗೆಯವರಿಗೆ ಇದನ್ನ ಇವತ್ತೇ ಹೇಳಿ. ಎರಡು ಕಂತು ಅಂದ್ರೆ ಒಬ್ಬ ಸಹಾಯಕ ಜಾಸ್ತಿ ಬೇಕು, ಅದರ ಕೂಲಿ ಕೇಳೇ ಕೇಳ್ತಾರೆ. ಕೊಡಿ.

ಒಂದೊಂದು ಪಂಕ್ತಿಗೆ ಐವತ್ತು ಎಲೆ. ಅಷ್ಟು ಜನಕ್ಕೆ ನಾಲ್ಕು ಹುಡುಗರು ಸಾಕು. ಎಲೆಗಳನ್ನ ಹಸಿ ಕಸಕ್ಕೆ ಬೇರೆ ಮಾಡಿಸಿ, ನೀರಿಗೆ ಪ್ಲಾಸ್ಟಿಕ್ ಲೋಟ ಬೇಡ, ಸ್ಟೀಲ್ ಲೋಟ ಪಾತ್ರೆ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತೆ.

ಡಿಪೊ ಮಗಳು

ಎಲೆಗೆ ₹600 ಹೇಳಿದಾರೆ. ಎಷ್ಟು ಎಲೆಗೆ ಮಾತಾಡಲಿ? 150ಕ್ಕಾ?

ಎಲೆ ಲೆಕ್ಕ

ನಿಮ್ಮ ಕೈಯಲ್ಲಿರೋ ಪಟ್ಟಿ 150 ಅಂದ್ರೆ 160ಕ್ಕೆ ಮಾತಾಡಿ. ₹96,000 ಆಯ್ತು. ನೆಂಟರಲ್ಲಿ ಹತ್ತು ಜನ ಕಮ್ಮಿ ಬರ್ತಾರೆ, ಡಿಪೊದವರಲ್ಲಿ ಇಪ್ಪತ್ತು ಜಾಸ್ತಿ. 160 ದಾಟಿದ್ರೆ ಆ ಮೇಲಿನ ಎಲೆಗಷ್ಟೇ ದುಡ್ಡು ಅಂತ ಮೊದಲೇ ಮಾತಾಗಿರಲಿ. ಮನೆಯವರೊಬ್ಬರು ಅಡಿಗೆಯವರ ಜೊತೆ ನಿಂತು ಪಂಕ್ತಿ ಪಂಕ್ತಿಗೂ ಎಲೆ ಎಣಿಸಲಿ.

ರೈಟ್ ಹೋಲ್ಡಾನ್

170 ಮಾಡಿ. ನಾನೂ ಬರ್ತಿದೀನಿ, ಇನ್ನೊಬ್ಬರು ಜೊತೆಗಿರ್ತಾರೆ.